ನಿಮ್ಮ ಉತ್ತರವನ್ನು ಕೊಳ್ಳುವವರು ಯಾರು? ಮನೆಯಲ್ಲೇ ಕೂತು ಸರ್ವೆ ತುಂಬಿ ದುಡಿಯುವ ಆಸೆಯ ಚರಿತ್ರೆ

ವಿಡಿಯೊದಲ್ಲಿ ಆಡಿದ ಮಾತನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೀನಿ. ಅಲ್ಲಿ ಗಡಿಬಿಡಿಯಲ್ಲಿ ಹೇಳಿದ ಲೆಕ್ಕಗಳನ್ನು ಇಲ್ಲಿ ನಿಧಾನವಾಗಿ ನೋಡಬಹುದು.

ಇವತ್ತಿನ ವಿಷಯ ನಮ್ಮೆಲ್ಲರ ಫೋನಿಗೂ ಒಂದಲ್ಲ ಒಂದು ಸಲ ಬಂದಿರುವಂಥದ್ದು. "ಮನೆಯಲ್ಲೇ ಕೂತು, ದಿನಕ್ಕೆ ಅರ್ಧ ಗಂಟೆ ಆನ್‌ಲೈನ್ ಸರ್ವೆ ತುಂಬಿ, ತಿಂಗಳಿಗೆ ಇಷ್ಟು ಸಾವಿರ ಗಳಿಸಿ." ನಾವು ನಕ್ಕು ಡಿಲೀಟ್ ಮಾಡ್ತೀವಿ. ಆದ್ರೆ ಅದೇ ಮೆಸೇಜು ನಮ್ಮ ಮನೆಯಲ್ಲೇ ಇನ್ನೊಬ್ಬರ ಫೋನಿಗೂ ಬಂದಿರುತ್ತೆ. ಗಂಡನಿಗೆ ಹಿಂಜೆವಾಡಿಗೆ ವರ್ಗವಾಯ್ತು ಅಂತ ಮೈಸೂರಿನ ಕೆಲಸ ಬಿಟ್ಟು ಬಂದವರು, ಮಗಳ ಬಾಣಂತನಕ್ಕೆ ಅಂತ ಗಚ್ಚಿಬೌಲಿಗೆ ಬಂದು ಅಲ್ಲೇ ಉಳಿದ ಅಮ್ಮ, ರಿಟೈರ್ ಆಗಿ ದಿನವಿಡೀ ಏನು ಮಾಡೋದು ಅಂತ ಗೊತ್ತಾಗದ ಅಪ್ಪ. ಅವರು ಡಿಲೀಟ್ ಮಾಡದೇ ಇರಬಹುದು. ಅದಕ್ಕೆ ಕಾರಣ ದುರಾಸೆ ಅಂತ ನಾನು ಹೇಳೋದಿಲ್ಲ. ಸ್ವಂತ ದುಡಿಮೆಯ ನಾಲ್ಕು ಕಾಸು ಕೈಯಲ್ಲಿರಲಿ ಅನ್ನೋದು ಮರ್ಯಾದೆಯ ಆಸೆ.

ಈ ಆಸೆಗೂ "ಸರ್ವೆ" ಅನ್ನೋ ವಸ್ತುವಿಗೂ ಗಂಟು ಬಿದ್ದದ್ದು ಹೇಗೆ? ಅದನ್ನು ತಿಳಿಯೋಕೆ ಸುಮಾರು 90 ವರ್ಷ ಹಿಂದೆ ಹೋಗೋಣ.

23 ಲಕ್ಷ ಉತ್ತರ, ಆದರೂ ತಪ್ಪು

ಅಮೆರಿಕದಲ್ಲಿ "ಲಿಟರರಿ ಡೈಜೆಸ್ಟ್" ಅಂತ ಒಂದು ವಾರಪತ್ರಿಕೆ ಇತ್ತು. ಅಧ್ಯಕ್ಷೀಯ ಚುನಾವಣೆಗೆ ಮುಂಚೆ ಅದು ಜನರಿಗೆ ಅಂಚೆಯಲ್ಲಿ ಅಣಕು ಮತಪತ್ರ ಕಳಿಸೋದು, ವಾಪಸ್ ಬಂದದ್ದನ್ನು ಎಣಿಸಿ ಫಲಿತಾಂಶ ಹೇಳೋದು. 1916ರಿಂದ 1932ರವರೆಗೆ ಐದು ಚುನಾವಣೆಗಳಲ್ಲಿ ಗೆಲ್ಲುವವರನ್ನು ಸರಿಯಾಗಿ ಹೇಳಿತ್ತು. 1936ರಲ್ಲಿ ಸುಮಾರು 1 ಕೋಟಿ ಮತಪತ್ರ ಕಳಿಸಿತು. 23 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಎಣಿಸಿ ನೋಡಿ, ರಿಪಬ್ಲಿಕನ್ ಪಕ್ಷದ ಆಲ್ಫ್ ಲ್ಯಾಂಡನ್ ಗೆಲ್ತಾರೆ ಅಂತ ಸಾರಿತು. ಆದದ್ದೇನು? ಫ್ರಾಂಕ್ಲಿನ್ ರೂಸ್‌ವೆಲ್ಟ್ ಆಗಿದ್ದ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಎರಡೇ ವರ್ಷದಲ್ಲಿ ಪತ್ರಿಕೆ ಮುಚ್ಚಿತು.

ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಅನ್ನುವವರು ಡೈಜೆಸ್ಟ್‌ನ ಎದುರು ತೀರಾ ಸಣ್ಣ ಸಂಖ್ಯೆಯ ಜನರನ್ನು ಕೇಳಿ ರೂಸ್‌ವೆಲ್ಟ್ ಗೆಲ್ತಾರೆ ಅಂದಿದ್ದರು. ಅಷ್ಟೇ ಅಲ್ಲ, ಡೈಜೆಸ್ಟ್ ಹೇಗೆ ತಪ್ಪಾಗಲಿದೆ ಅನ್ನೋದನ್ನೂ ಮೊದಲೇ ಹೇಳಿದ್ದರು.

ಡೈಜೆಸ್ಟ್ ವಿಳಾಸ ಹುಡುಕಿದ್ದು ಹೆಚ್ಚಾಗಿ ಟೆಲಿಫೋನ್ ಡೈರೆಕ್ಟರಿಯಲ್ಲಿ ಮತ್ತು ಕಾರು ಇದ್ದವರ ಪಟ್ಟಿಯಲ್ಲಿ. ಅದು ಆರ್ಥಿಕ ಕುಸಿತದ ಕಾಲ, ಫೋನು ಕಾರು ಇದ್ದವರು ಸ್ಥಿತಿವಂತರು. ಅದರ ಮೇಲೆ, ಪತ್ರ ತಲುಪಿದವರಲ್ಲೂ ತಾವಾಗಿ ಉತ್ಸಾಹದಿಂದ ಉತ್ತರ ಬರೆದು ಕಳಿಸಿದವರು ಮಾತ್ರ ಲೆಕ್ಕಕ್ಕೆ ಬಂದರು. ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳೋದಾದ್ರೆ, ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕು. ಪಾತ್ರೆಯ ಮೇಲಿನ ಪದರದಿಂದಲೇ ನೂರು ಅಗುಳು ಹಿಸುಕಿದರೂ ತಳದಲ್ಲಿ ಏನಾಗಿದೆ ಅಂತ ಗೊತ್ತಾಗೋದಿಲ್ಲ.

ಇಲ್ಲಿಂದಲೇ ಆಧುನಿಕ ಸರ್ವೆಯ ಮೊದಲ ಪಾಠ ಬಂತು. ಎಷ್ಟು ಜನ ಉತ್ತರ ಕೊಟ್ಟರು ಅನ್ನೋದಕ್ಕಿಂತ ಆ ಜನರನ್ನು ಆರಿಸಿದ್ದು ಹೇಗೆ ಅನ್ನೋದು ಮುಖ್ಯ. ಸರಿಯಾಗಿ ಆರಿಸಿದರೆ ದೊಡ್ಡ ದೇಶದ ಅಭಿಪ್ರಾಯಕ್ಕೂ ಸುಮಾರು ಒಂದು ಸಾವಿರ ಜನ ಸಾಕು. ಲೆಕ್ಕದಲ್ಲಿ ಹೆಚ್ಚುಕಡಿಮೆ ಆಗೋದು ಶೇಕಡಾ 3ರ ಆಸುಪಾಸು. ಈ "ಒಂದು ಸಾವಿರ" ಅನ್ನೋ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಬಾಗಿಲಿಗೆ ಬಂದ ಪ್ರಶ್ನೆಗಾರ

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ದೊಡ್ಡ ಮಟ್ಟದಲ್ಲಿ ಬೆಳೆಸಿದವರು ಪಿ.ಸಿ. ಮಹಾಲನೋಬಿಸ್. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯ್ತು. ಆಯ್ದ ಹಳ್ಳಿ, ಆಯ್ದ ಮನೆ. ಪಟ್ಟಿ ಹಿಡಿದ ಮನುಷ್ಯ ಬಾಗಿಲು ತಟ್ಟಿ, ತಿಂಗಳಿಗೆ ಅಕ್ಕಿ ಎಷ್ಟು, ಬಟ್ಟೆಗೆ ಎಷ್ಟು ಅಂತ ಕೇಳಿ ಬರೆದುಕೊಳ್ಳೋದು. ನಮ್ಮ ಮೈಸೂರು ಸೀಮೆಗೂ ಇದರಲ್ಲಿ ಒಂದು ಪಾಲಿದೆ. 1951–52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಬೆಂಗಳೂರು ನಗರದಲ್ಲೂ ಮೈಸೂರು ರಾಜ್ಯದ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಜನಸಂಖ್ಯೆಯ ಅಧ್ಯಯನ ಮಾಡಿದವು. "ಮೈಸೂರು ಪಾಪ್ಯುಲೇಷನ್ ಸ್ಟಡಿ" ಅಂತ ಅದರ ವರದಿ 1961ರಲ್ಲಿ ಹೊರಬಂತು. ಜನಸಂಖ್ಯಾಶಾಸ್ತ್ರ ಓದುವವರು ಇವತ್ತಿಗೂ ಅದನ್ನು ಉಲ್ಲೇಖಿಸುತ್ತಾರೆ.

ಇಂಥ ಸರ್ವೆಗಳಲ್ಲಿ ಸಂಬಳ ಇರೋದು ಪ್ರಶ್ನೆ ಕೇಳುವವರಿಗೆ. ಉತ್ತರ ಹೇಳಿದವರಿಗೆ ಸಿಗೋದು ಒಂದು ನಮಸ್ಕಾರ. ಅವರೇ ಮನೆಗೆ ಬಂದವರಿಗೆ ಕಾಫಿ ಕೊಟ್ಟು ಕಳಿಸ್ತಿದ್ದರು.

ಉತ್ತರ ಹೇಳುವವರಿಗೂ ಏನಾದರೂ ಕೊಡೋಣ ಅನ್ನೋ ರೂಢಿ ಬೆಳೆದದ್ದು ಮಾರುಕಟ್ಟೆ ಸಂಶೋಧನೆಯಲ್ಲಿ. 1946ರಲ್ಲಿ ಅಮೆರಿಕದ ಟೊಲೆಡೊ ಊರಿನಲ್ಲಿ "ನ್ಯಾಷನಲ್ ಫ್ಯಾಮಿಲಿ ಒಪಿನಿಯನ್" ಅನ್ನೋ ಸಂಸ್ಥೆ ಹುಟ್ಟಿತು. ಮನೆಮನೆಗಳನ್ನು ಸದಸ್ಯರಾಗಿ ನೋಂದಾಯಿಸಿಕೊಂಡು, ಅಂಚೆಯಲ್ಲಿ ಪ್ರಶ್ನಾವಳಿ ಕಳಿಸಿ ಉತ್ತರ ತರಿಸೋದು ಅದರ ಕೆಲಸ. ಇದಕ್ಕೆ "ಪ್ಯಾನೆಲ್" ಅಂತ ಹೆಸರು. ಇವತ್ತಿನ ಆನ್‌ಲೈನ್ ಸರ್ವೆ ಸೈಟುಗಳೆಲ್ಲ ಇದರ ಮೊಮ್ಮಕ್ಕಳು.

ಅಂಚೆಯ ಸರ್ವೆ ಮಾಡಿದವರು ಕಂಡುಕೊಂಡ ಒಂದು ಸತ್ಯ ನನಗೆ ತುಂಬಾ ಇಷ್ಟ. "ಉತ್ತರ ಕಳಿಸಿದ ಮೇಲೆ ಹಣ ಕೊಡ್ತೀವಿ" ಅನ್ನೋದಕ್ಕಿಂತ, ಪ್ರಶ್ನಾವಳಿಯ ಜೊತೆಗೇ ಲಕೋಟೆಯಲ್ಲಿ ಒಂದು ಡಾಲರ್ ನೋಟು ಇಟ್ಟು ಕಳಿಸಿದರೆ ಹೆಚ್ಚು ಜನ ಉತ್ತರ ಕೊಡ್ತಾರೆ. ಮೊತ್ತ ಸಣ್ಣದಾದರೂ ಪರವಾಗಿಲ್ಲ. ಯಾಕಂದ್ರೆ ಅದು ಕೂಲಿ ಅಲ್ಲ, ತಾಂಬೂಲದ ಥರ. "ನಿಮ್ಮ ಸಮಯಕ್ಕೆ ಬೆಲೆ ಇದೆ, ನಿಮ್ಮನ್ನು ನಂಬಿದ್ದೀವಿ" ಅನ್ನೋ ಗುರುತು. ಹಣ ಯಾವ ಕಡೆಯಿಂದ ಯಾವ ಕಡೆಗೆ ಹೋಗ್ತಿದೆ ಅಂತಲೂ ಗಮನಿಸಿ: ಕೇಳುವವರಿಂದ ಹೇಳುವವರಿಗೆ, ಅದೂ ಮುಂಗಡವಾಗಿ.

ಪರದೆಯ ಮುಂದೆ ಕೂತರೆ ದುಡ್ಡು

ಇಂಟರ್ನೆಟ್ ಬಂದ ಮೇಲೆ ಅಂಚೆಯ ಖರ್ಚು ಇಲ್ಲವಾಯ್ತು. ಜೊತೆಗೆ ಹೊಸದೊಂದು ಯೋಚನೆ ಹುಟ್ಟಿತು: ಜನರ ಗಮನವನ್ನೇ ಗಂಟೆಯ ಲೆಕ್ಕದಲ್ಲಿ ಕೊಂಡುಕೊಂಡರೆ ಹೇಗೆ? 1999ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ "ಆಲ್‌ಅಡ್ವಾಂಟೇಜ್" ಅನ್ನೋ ಕಂಪನಿ ಶುರುವಾಯ್ತು. ಕಂಪ್ಯೂಟರ್ ಪರದೆಯಲ್ಲಿ ಅವರ ಜಾಹೀರಾತು ಪಟ್ಟಿ ಇಟ್ಟುಕೊಂಡು ಬ್ರೌಸ್ ಮಾಡಿದರೆ ಗಂಟೆಗೆ 50 ಸೆಂಟ್. ನೀವು ಸೇರಿಸಿದ ಗೆಳೆಯ ಬ್ರೌಸ್ ಮಾಡಿದರೆ ಅದರಲ್ಲೂ ನಿಮಗೆ ಒಂದು ಪಾಲು.

ಆಮೇಲೆ ಆದದ್ದನ್ನು ನಮ್ಮ ಐಟಿ ಮಂದಿ ಊಹಿಸಬಲ್ಲರು. ಮೌಸ್ ತಾನಾಗಿ ಅಲ್ಲಾಡುವ ಹಾಗೆ ಮಾಡುವ ಸಾಫ್ಟ್‌ವೇರ್ ಬಂತು. ಮನುಷ್ಯ ಮಲಗಿರ್ತಾನೆ, ಮೌಸ್ ದುಡೀತಿರುತ್ತೆ! ವರ್ಕ್ ಫ್ರಮ್ ಹೋಮ್ ಕಾಲದಲ್ಲಿ ಚಾಟ್‌ನ ಹಸಿರು ದೀಪ ಆರದಿರಲಿ ಅಂತ ಮಾಡುವ ಉಪಾಯಕ್ಕೆ ಇದೇ ಹಿರಿಯಣ್ಣ. ಆ ಗಮನಕ್ಕೆ ಹಣ ಕೊಡಬೇಕಾದ ಜಾಹೀರಾತುದಾರರ ಜೇಬು ಡಾಟ್‌ಕಾಮ್ ಕುಸಿತದಲ್ಲಿ ಖಾಲಿಯಾಯ್ತು. 2001ರಲ್ಲಿ ಕಂಪನಿ ಮುಚ್ಚಿತು. ಅದು ಮೋಸ ಅಲ್ಲ. ಸದಸ್ಯರಿಂದ ಹಣ ಕೇಳಲಿಲ್ಲ, ಹೂಡಿಕೆದಾರರ ಹಣ ಕರಗಿತು. ಆದ್ರೆ "ಪರದೆಯ ಮುಂದೆ ಕೂತರೆ ದುಡ್ಡು, ಇನ್ನೊಬ್ಬರನ್ನು ಕೂರಿಸಿದರೆ ಇನ್ನಷ್ಟು ದುಡ್ಡು" ಅನ್ನೋ ಎರಡು ಮಾತುಗಳ ಜೋಡಣೆ ಮಾತ್ರ ಉಳಿದುಕೊಂಡಿತು.

2005ರಲ್ಲಿ ಅಮೆಜಾನ್ "ಮೆಕ್ಯಾನಿಕಲ್ ಟರ್ಕ್" ಆರಂಭಿಸಿತು. ಚಿತ್ರಕ್ಕೆ ಹೆಸರು ಬರೆಯೋದು, ರಸೀದಿ ಓದಿ ಟೈಪ್ ಮಾಡೋದು, ವಿಶ್ವವಿದ್ಯಾಲಯಗಳ ಪ್ರಶ್ನಾವಳಿ ತುಂಬೋದು, ಹೀಗೆ ಚೂರುಚೂರು ಕೆಲಸಕ್ಕೆ ಚೂರುಚೂರು ಹಣ. 2010ರ ಹೊತ್ತಿಗೆ ಅಲ್ಲಿ ಕೆಲಸ ಮಾಡುವವರಲ್ಲಿ ಸುಮಾರು ಮೂರನೇ ಒಂದು ಭಾಗ ಭಾರತದವರು ಅಂತ ಸಂಶೋಧಕರು ಕಂಡುಕೊಂಡರು. ಅಂದ್ರೆ ಮನೆಯಲ್ಲಿ ಕೂತು ಸರ್ವೆ ತುಂಬಿ ದುಡಿಯೋದು ಪೂರ್ತಿ ಕಟ್ಟುಕಥೆ ಅಲ್ಲ. ದುಡಿದವರಿದ್ದಾರೆ. ಹೆಚ್ಚಿನ ಕೆಲಸಕ್ಕೆ ಸಿಗ್ತಿದ್ದದ್ದು ಮಾತ್ರ ಸೆಂಟುಗಳ ಲೆಕ್ಕ.

ಅಸಲಿ ಸರ್ವೆಗಳಲ್ಲಿ ಇವತ್ತಿಗೂ ಹಾಗೇ. ಕೆಲವು ರೂಪಾಯಿ, ಪಾಯಿಂಟು, ಗಿಫ್ಟ್ ಕಾರ್ಡು. ಐದು ಪ್ರಶ್ನೆ ಉತ್ತರಿಸಿದ ಮೇಲೆ "ನೀವು ಈ ಸರ್ವೆಗೆ ಹೊಂದುವುದಿಲ್ಲ" ಅಂತ ಹೊರಗೆ ಕಳಿಸೋದೂ ಉಂಟು. ಜನ ಸಿಟ್ಟಾಗ್ತಾರೆ. ಆದ್ರೆ ಆ ತಿರಸ್ಕಾರವೇ ಅಸಲಿತನದ ಒಂದು ಗುರುತು. ಬಾಡಿಗೆ ಮನೆಯಲ್ಲಿರುವ, ಡೀಸೆಲ್ ಕಾರಿರುವ, 35 ದಾಟಿದ ಒಂದು ಸಾವಿರ ಜನ ಅವರಿಗೆ ಬೇಕು. ಅಷ್ಟು ಜನ ಸಿಕ್ಕಿದ ಕೂಡಲೇ ಬಾಗಿಲು ಮುಚ್ಚುತ್ತೆ. ಗ್ಯಾಲಪ್ ಕಲಿಸಿದ ಪಾಠ ಅದೇ ತಾನೆ?

ಹನ್ನೊಂದು ಸಾವಿರದ ಕಥೆ

ಈಗ ಮುಂಬೈಗೆ ಬರೋಣ. 2010ರಲ್ಲಿ ಭಾರತದಲ್ಲಿ "ಸ್ಪೀಕ್ ಏಷ್ಯಾ ಆನ್‌ಲೈನ್" ಅನ್ನೋ ಹೆಸರು ಹರಡೋಕೆ ಶುರುವಾಯ್ತು. ಕಂಪನಿಯ ನೋಂದಣಿ ಸಿಂಗಾಪುರದ್ದು. ನೀವು 11,000 ರೂಪಾಯಿ ಕೊಟ್ಟು ಸದಸ್ಯರಾಗಬೇಕು. ಆ ಹಣ ಒಂದು ಎಲೆಕ್ಟ್ರಾನಿಕ್ ಪತ್ರಿಕೆಯ ಒಂದು ವರ್ಷದ ಚಂದಾ ಅಂತ ಲೆಕ್ಕ. ಆಮೇಲೆ ವಾರಕ್ಕೆ ಎರಡು ಸರ್ವೆ ಬರುತ್ತೆ. ಒಂದಕ್ಕೆ 500 ರೂಪಾಯಿ. ವಾರಕ್ಕೆ 1,000, ವರ್ಷಕ್ಕೆ 52,000. ಹೊಸಬರನ್ನು ಸೇರಿಸಿದರೆ ಬೇರೆ ಕಮಿಷನ್. ಸದಸ್ಯರಿಗೆ "ಪ್ಯಾನಲಿಸ್ಟ್" ಅನ್ನೋ ಗೌರವದ ಹೆಸರು.

ದುಡ್ಡು ಬರ್ತಿತ್ತು, ಅದೇ ಸಮಸ್ಯೆ. ಮೊದಲು ಸೇರಿದವರ ಖಾತೆಗೆ ನಿಜವಾಗಿಯೂ ಹಣ ಬಿತ್ತು. ಅವರು ಪಾಸ್‌ಬುಕ್ ತೋರಿಸಿ ಅಣ್ಣನನ್ನು, ಭಾವನನ್ನು, ಪಕ್ಕದ ಮನೆಯವರನ್ನು ಸೇರಿಸಿದರು. ತನಿಖೆಯ ಹೊತ್ತಿಗೆ ಸದಸ್ಯರ ಸಂಖ್ಯೆ 24 ಲಕ್ಷ ಅಂತ ಕೇಳಿಬಂತು. 1936ರಲ್ಲಿ ಡೈಜೆಸ್ಟ್‌ಗೆ ಬಂದ ಉತ್ತರಗಳ ಸಂಖ್ಯೆಗೆ ಎಷ್ಟು ಹತ್ತಿರ ನೋಡಿ!

ಈಗ ಆ "ಒಂದು ಸಾವಿರ"ವನ್ನು ನೆನಪಿಸಿಕೊಳ್ಳಿ. ದೇಶದ ಅಭಿಪ್ರಾಯ ತಿಳಿಯೋಕೆ ಸುಮಾರು ಒಂದು ಸಾವಿರ ಜನ ಸಾಕು ಅಂತಾದರೆ, ಒಂದೇ ವಾರದಲ್ಲಿ 24 ಲಕ್ಷ ಉತ್ತರಗಳನ್ನು, ಅದೂ ವಾರವಾರವೂ, ಯಾರು ಕೊಳ್ತಾರೆ? 24 ಲಕ್ಷ ಜನರಿಗೆ ವಾರಕ್ಕೆ 1,000 ಅಂದ್ರೆ 240 ಕೋಟಿ. ವರ್ಷಕ್ಕೆ 12,480 ಕೋಟಿ ರೂಪಾಯಿ. ಯಾವ ಸೋಪಿನ ಕಂಪನಿ, ಯಾವ ಬ್ಯಾಂಕು, ಯಾವ ಮೊಬೈಲ್ ಕಂಪನಿ ಇಷ್ಟು ಕೊಟ್ಟು ಅಭಿಪ್ರಾಯ ಕೊಳ್ಳುತ್ತೆ? 2011ರ ಮೇ ತಿಂಗಳಲ್ಲಿ ಟೀವಿಯವರು, ಪತ್ರಿಕೆಯವರು ಕೇಳಿದ್ದು ಇದನ್ನೇ: ನಿಮ್ಮ ಗ್ರಾಹಕರು ಯಾರು? ಗ್ರಾಹಕರು ಅಂತ ಹೇಳಿಕೊಂಡಿದ್ದ ದೊಡ್ಡ ಕಂಪನಿಗಳು ತಮಗೂ ಇದಕ್ಕೂ ಸಂಬಂಧವಿಲ್ಲ ಅಂದವು.

ಕೊಳ್ಳುವವರಿಲ್ಲ ಅಂದಮೇಲೆ ಹಳಬರಿಗೆ ಹಣ ಬರೋದು ಹೊಸಬರ 11,000ದಿಂದಲೇ. ಕೂತು ಲೆಕ್ಕ ಹಾಕಿ. ಒಬ್ಬ ಸದಸ್ಯನಿಗೆ ವರ್ಷಕ್ಕೆ 52,000 ಕೊಡಬೇಕು. ಅವನದೇ 11,000 ವಾಪಸ್ ಕೊಟ್ಟರೂ ಇನ್ನೂ 41,000 ಬೇಕು. ಅಂದ್ರೆ ಸುಮಾರು ನಾಲ್ಕು ಹೊಸಬರು. ಆ ನಾಲ್ವರಿಗೆ 16 ಜನ, 16ಕ್ಕೆ 64. ಹತ್ತನೇ ಮೆಟ್ಟಿಲಲ್ಲಿ 10 ಲಕ್ಷ ದಾಟುತ್ತೆ. 15ನೇ ಮೆಟ್ಟಿಲಿಗೆ 107 ಕೋಟಿ ಜನ ಬೇಕು. 2011ರ ಜನಗಣತಿಯಲ್ಲಿ ಹಸುಗೂಸುಗಳನ್ನೂ ಸೇರಿಸಿ ಇಡೀ ಭಾರತದ ಜನಸಂಖ್ಯೆ 121 ಕೋಟಿ. ಯಾರ ಕೆಟ್ಟ ಉದ್ದೇಶವೂ ಬೇಕಿಲ್ಲ, ಲೆಕ್ಕವೇ ಅದನ್ನು ಕೆಡವುತ್ತೆ.

ಇಲ್ಲಿ ಒಂದು ಮಾತು. ನಮ್ಮ ಮನೆಗಳಲ್ಲಿ ಹಾಕುವ ಚೀಟಿಗೂ ಇದಕ್ಕೂ ಹೋಲಿಕೆ ಬೇಡ. ಚೀಟಿಯಲ್ಲಿ 20 ಜನ ಅಂದ್ರೆ 20 ಜನವೇ. ಇದ್ದ ಹಣ ಸುತ್ತು ಹಾಕುತ್ತೆ, 21ನೆಯವನನ್ನು ಹುಡುಕುವ ದರ್ದು ಇಲ್ಲ. ಹೊಸಬರು ಬರದೇ ಇದ್ದರೆ ನಿಂತುಹೋಗುವ ಚಕ್ರವನ್ನು ನಮ್ಮ ಕಾನೂನು 1978ರಲ್ಲೇ ನಿಷೇಧಿಸಿದೆ. ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆ ಅದೇ. ಕಂಪ್ಯೂಟರು, ಸರ್ವೆ, ಸಿಂಗಾಪುರ ಅನ್ನೋ ಹೊಸ ಅಂಗಿಯಲ್ಲಿ ಹಳೇ ಚಕ್ರ ಬಂದಾಗ ಗುರುತು ಹಿಡಿಯೋದು ಕಷ್ಟವಾಯ್ತು.

ನೊಂದವರೇ ಕಂಪನಿಯ ಪರ ನಿಂತರು

2011ರ ಮಧ್ಯಭಾಗದಲ್ಲಿ ಹಣ ಬರೋದು ನಿಂತಿತು. ಮುಂಬೈ ಪೊಲೀಸರ ಆರ್ಥಿಕ ಅಪರಾಧ ವಿಭಾಗ ಪ್ರಕರಣ ದಾಖಲಿಸಿತು. ಬ್ಯಾಂಕ್ ಖಾತೆಗಳು ಸ್ತಬ್ಧವಾದವು, ಬಂಧನಗಳಾದವು. ಒಟ್ಟು ಮೊತ್ತ 2,200 ಕೋಟಿ ರೂಪಾಯಿಗೂ ಹೆಚ್ಚು ಅಂತ ಪೊಲೀಸರು ಹೇಳಿದರು. ಪ್ರಮುಖ ಆರೋಪಿ ಅಂತ ಪೊಲೀಸರು ಹೇಳಿದ ವ್ಯಕ್ತಿಯ ಬಂಧನವಾದದ್ದು 2013ರ ಕೊನೆಯಲ್ಲಿ.

ಚರಿತ್ರೆಯ ದೃಷ್ಟಿಯಿಂದ ನನಗೆ ಬಹಳ ಮುಖ್ಯ ಅನ್ನಿಸೋದು ನಡುವೆ ನಡೆದದ್ದು. ಪ್ಯಾನಲಿಸ್ಟ್‌ಗಳು ಸಂಘ ಕಟ್ಟಿಕೊಂಡರು. ಆದ್ರೆ ಅವರಲ್ಲಿ ಬಹಳ ಮಂದಿಯ ಸಿಟ್ಟು ಕಂಪನಿಯ ಮೇಲಿರಲಿಲ್ಲ, ಮಾಧ್ಯಮ ಮತ್ತು ಪೊಲೀಸರ ಮೇಲಿತ್ತು. "ಚೆನ್ನಾಗಿ ನಡೀತಿದ್ದದ್ದನ್ನು ನಿಲ್ಲಿಸಿಬಿಟ್ಟರು" ಅನ್ನೋ ಭಾವ. ಬಾಕಿ ಹಣಕ್ಕಾಗಿ ಸುಪ್ರೀಂ ಕೋರ್ಟಿಗೂ ಹೋದರು. ಕೋರ್ಟು 2011ರ ನವೆಂಬರ್‌ನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರನ್ನು ಸಂಧಾನಕ್ಕೆ ನೇಮಿಸಿತು.

ಯಾಕೆ ಹೀಗೆ? ಓದಿಲ್ಲದವರು, ತಿಳಿವಳಿಕೆ ಇಲ್ಲದವರು ಅಂದುಬಿಡೋದು ಸುಲಭ. ನನಗೆ ಅನ್ನಿಸೋದು ಬೇರೆ. ಪ್ರತಿಯೊಬ್ಬ ಪ್ಯಾನಲಿಸ್ಟೂ ಏಕಕಾಲಕ್ಕೆ ಎರಡು ಪಾತ್ರದಲ್ಲಿದ್ದ. ಹಣ ಕಳೆದುಕೊಂಡವನೂ ಅವನೇ, ತನ್ನ ತಂಗಿಯ ಗಂಡನಿಂದ ಹಣ ಹಾಕಿಸಿದವನೂ ಅವನೇ. ಕಂಪನಿ ಮೋಸದ್ದು ಅಂತ ಒಪ್ಪಿಕೊಂಡರೆ, ಸಂಕ್ರಾಂತಿಗೆ ಎಳ್ಳುಬೆಲ್ಲ ಹಿಡಿದು ಅದೇ ತಂಗಿಯ ಮನೆಗೆ ಹೋಗುವಾಗ ಯಾವ ಮುಖ ಇಟ್ಟುಕೊಂಡು ಹೋಗೋದು? ಅದಕ್ಕಿಂತ "ಕಂಪನಿ ಒಳ್ಳೇದೇ, ಸರ್ಕಾರ ಅಡ್ಡ ಬಂತು" ಅಂತ ನಂಬೋದು ಸಹಿಸಬಹುದಾದ ಮಾತು. ಪೊಲೀಸರ ಲೆಕ್ಕದಲ್ಲಿ ಕೋಟಿಗಳು ಮಾತ್ರ ಇರುತ್ತವೆ. ಮಾತು ಬಿಟ್ಟುಹೋದ ಅಣ್ಣತಮ್ಮಂದಿರ ಲೆಕ್ಕ ಯಾವ ಆರೋಪಪಟ್ಟಿಯಲ್ಲೂ ಇರೋದಿಲ್ಲ.

ಈಗ ಸರ್ವೆ ಹೋಗಿ ಟಾಸ್ಕ್ ಬಂದಿದೆ

ಕೋವಿಡ್ ನಂತರ ಇದೇ ಕಥೆಯ ಹೊಸ ಆವೃತ್ತಿ ಬಂತು. ಟೆಲಿಗ್ರಾಂ, ವಾಟ್ಸ್ಯಾಪ್‌ನಲ್ಲಿ ಮೆಸೇಜು: ಯೂಟ್ಯೂಬ್ ವಿಡಿಯೊ ಲೈಕ್ ಮಾಡಿ, ಹೋಟೆಲ್‌ಗೆ ಸ್ಟಾರ್ ಕೊಡಿ, ಸಣ್ಣ ಸರ್ವೆ ತುಂಬಿ. ಮೊದಲ ದಿನ ನೂರಿನ್ನೂರು ರೂಪಾಯಿ ನಿಜವಾಗಿ ಬರುತ್ತೆ. ಆಮೇಲೆ "ಪ್ರೀಪೇಯ್ಡ್ ಟಾಸ್ಕ್": 1,000 ಹಾಕಿ 1,300 ತಗೊಳ್ಳಿ. ಆಮೇಲೆ 10,000. ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನ ಮುಂದೆ ಲಕ್ಷಗಳು ತೋರುತ್ತವೆ. ತೆಗೆಯೋಕೆ ಹೋದರೆ "ಮೊದಲು ಟ್ಯಾಕ್ಸ್ ಕಟ್ಟಿ". 2023ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯದ ಶಿಫಾರಸಿನ ಮೇಲೆ ಇಂಥ 100ಕ್ಕೂ ಹೆಚ್ಚು ವೆಬ್‌ಸೈಟ್‌ಗಳನ್ನು ಸರ್ಕಾರ ನಿರ್ಬಂಧಿಸಿತು. ಇವುಗಳನ್ನು ವಿದೇಶದಿಂದ ನಡೆಸ್ತಾರೆ, ಬಾಡಿಗೆಗೆ ಪಡೆದ ಬ್ಯಾಂಕ್ ಖಾತೆಗಳ ಮೂಲಕ ಹಣ ಸಾಗಿಸ್ತಾರೆ ಅಂತಲೂ ಹೇಳಿತು.

ಇಲ್ಲಿ ನಮ್ಮ ಐಟಿ ಮಂದಿಯೂ ಸಾಕಷ್ಟು ಬಿದ್ದಿದ್ದಾರೆ. ಪುಣೆ, ಹೈದರಾಬಾದ್, ಬೆಂಗಳೂರು ಪೊಲೀಸರ ಪ್ರಕರಣಗಳ ಸುದ್ದಿ ಓದಿದರೆ ಗೊತ್ತಾಗುತ್ತೆ. ತಂತ್ರಜ್ಞಾನ ಗೊತ್ತಿದ್ದರೆ ಪರದೆಯ ಮೇಲಿನ ಅಂಕಿಯನ್ನು ನಂಬೋದು ಇನ್ನೂ ಸುಲಭ ಅನ್ನಿಸುತ್ತೆ. ಡ್ಯಾಶ್‌ಬೋರ್ಡ್ ನೋಡಿಯೇ ನಮ್ಮ ದಿನ ಕಳೆಯುತ್ತೆ ಅಲ್ವಾ? ಆದ್ರೆ ಒಂದು ವ್ಯತ್ಯಾಸ ಇದೆ. 2011ರಲ್ಲಿ ಮೋಸ ನೆಂಟರ ದಾರಿಯಲ್ಲಿ ಬಂತು. ಕಡೇಪಕ್ಷ ಊರಿಗೆಲ್ಲ ಗೊತ್ತಾಗ್ತಿತ್ತು. ಈಗ ಅಪರಿಚಿತರಿಂದ ಒಬ್ಬೊಬ್ಬರ ಫೋನಿಗೇ ಬರುತ್ತೆ. ಕಳೆದುಕೊಂಡವರು ಗಂಡನಿಗೂ ಹೇಳದೆ, ಮಗನಿಗೂ ಹೇಳದೆ, ಹೋದದ್ದನ್ನು ವಾಪಸ್ ತರೋಕೆ ಅಂತ ಇನ್ನಷ್ಟು ಹಾಕ್ತಾರೆ.

ಈ 90 ವರ್ಷದ ಕಥೆಯಿಂದ ನಾನು ತೆಗೆದುಕೊಂಡಿರೋದು ಒಂದೇ ಪ್ರಶ್ನೆ: ನನ್ನ ಉತ್ತರವನ್ನು ಕೊಳ್ಳುವವರು ಯಾರು? ಅಸಲಿ ಸರ್ವೆಯಲ್ಲಿ ಅದಕ್ಕೆ ಉತ್ತರ ಇರುತ್ತೆ. ಅವರಿಗೆ ಆರಿಸಿದ ಕೆಲವೇ ಜನ ಸಾಕು. ಆದ್ದರಿಂದ ಕೆಲಸ ವಾರವಾರ ಖಚಿತವಾಗಿ ಸಿಗೋದಿಲ್ಲ, ಸಿಕ್ಕರೂ ಹಣ ಸಣ್ಣದು. ವೈದ್ಯರನ್ನೋ, ದೊಡ್ಡ ಕಂಪನಿಯ ಖರೀದಿ ನೋಡಿಕೊಳ್ಳುವವರನ್ನೋ ಒಂದು ಗಂಟೆ ಮಾತಾಡಿಸಿ ಸಾವಿರಗಳಲ್ಲಿ ಕೊಡೋದೂ ಉಂಟು. ಆದ್ರೆ ಅಲ್ಲಿ ಅವರೇ ನಿಮ್ಮನ್ನು ಹುಡುಕಿಕೊಂಡು ಬಂದು ನೂರು ಸಲ ಪರೀಕ್ಷೆ ಮಾಡ್ತಾರೆ. ಯಾರು ಬೇಕಾದರೂ ಸೇರಬಹುದು, ಎಲ್ಲರಿಗೂ ಖಚಿತ ಆದಾಯ, ಆದರೆ ಮೊದಲು ನೀವು ಸ್ವಲ್ಪ ಹಣ ಹಾಕಿ ಅಂದರೆ, ಅಲ್ಲಿ ಮಾರಾಟಕ್ಕಿರೋದು ನಿಮ್ಮ ಉತ್ತರ ಅಲ್ಲ. ಲಕೋಟೆಯೊಳಗಿನ ಆ ಡಾಲರ್ ನೋಟು ಉಲ್ಟಾ ದಿಕ್ಕಿಗೆ ಹೊರಟಿದೆ ಅಂತ ಅರ್ಥ.

ಕೊನೆಯದಾಗಿ ಒಂದು ಕೆಲಸ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ, "ಅಪ್ಪಾ, ಈ ಥರ ಮೆಸೇಜು ಏನಾದರೂ ಬಂತಾ?" ಅಂತ ಸಹಜವಾಗಿ ಕೇಳಿ. ಬೈಯಬೇಡಿ, ನಗಬೇಡಿ. ಬೈಸಿಕೊಳ್ತೀವಿ ಅನ್ನೋ ಭಯದಿಂದಲೇ ಜನ ಮುಚ್ಚಿಡೋದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಆ ಹಣ ಖಾತೆಯಿಂದ ಖಾತೆಗೆ ದಾಟುವ ಮುಂಚೆ ತಡೆಯೋಕೆ ಆಗೋದು ಮೊದಲ ಕೆಲವು ಗಂಟೆಗಳಲ್ಲಿ. ಮನೆಯಲ್ಲಿ ಕೂತು ಏನಾದರೂ ದುಡಿಯಬೇಕು ಅಂತ ಅವರಿಗೆ ಆಸೆ ಇದ್ದರೆ ಆ ಮಾತನ್ನೂ ಕೇಳಿಸಿಕೊಳ್ಳಿ. ಅನುವಾದ, ಟ್ಯೂಷನ್, ಅಕೌಂಟ್ಸ್, ಹಪ್ಪಳ ಉಪ್ಪಿನಕಾಯಿ, ಏನೋ ಒಂದು ದಾರಿ ಕೂತು ಮಾತಾಡಿದರೆ ಕಾಣುತ್ತೆ. ಅಲ್ಲೆಲ್ಲ ಕೊಳ್ಳುವವರು ಯಾರು ಅಂತ ಹೆಸರು ಹಿಡಿದು ಹೇಳಬಹುದು.